ಸೆರೆಮನೆಯಲ್ಲಿ ಪಕ್ವಗೊಂಡ ನಂಬಿಕೆ: ಜಾನ್ ಬನ್ಯನ್ನನ ಬೆಡ್‌ಫರ್ಡ್ ವರ್ಷಗಳು

ಕ್ರೈಸ್ತ ಧರ್ಮದ ಚಿಂತನೆಯಲ್ಲಿ ಕಷ್ಟಾನುಭವಕ್ಕೆ ವಿಶಿಷ್ಟವಾದ ಸ್ಥಾನವಿದೆ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ‘ಪೈರಾಸ್ಮೊಸ್’ ಎಂಬ ಒಂದೇ ಪದವು ಪರೀಕ್ಷೆ ಮತ್ತು ಪ್ರಲೋಭನೆ ಎರಡನ್ನೂ ಸೂಚಿಸುತ್ತದೆ. ಕನ್ನಡ ಬೈಬಲಿನ ‘ಶೋಧನೆ’ ಎಂಬ ಪದವೂ ಈ ಎರಡು ಅರ್ಥಗಳನ್ನು ಒಳಗೊಂಡಿದೆ. ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಸಂಕಟದಿಂದ ತೊಡಗಿ ತಾಳ್ಮೆಯ ಮೂಲಕ ನಿರೀಕ್ಷೆಯವರೆಗೆ ಸಾಗುವ ಒಂದು ಕ್ರಮವನ್ನು ನಿರೂಪಿಸಿದ್ದಾನೆ. ಸಿದ್ಧಾಂತದಲ್ಲಿ ಸರಳವಾಗಿ ಕಾಣುವ ಈ ಕ್ರಮವು ಒಬ್ಬ ವ್ಯಕ್ತಿಯ ಬಾಳಿನಲ್ಲಿ ಹೇಗೆ ನಡೆಯಿತು, ಅದರ ಬೆಲೆಯನ್ನು ಯಾರು ತೆತ್ತರು ಎಂಬುದು ಇತಿಹಾಸದ ಪ್ರಶ್ನೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಬೋಧಕ ಹಾಗೂ ಲೇಖಕ ಜಾನ್ ಬನ್ಯನ್ನನ ಜೀವನ ಮತ್ತು ಕೃತಿಗಳ ಆಧಾರದಿಂದ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬನ್ಯನ್ 1628ರಲ್ಲಿ ಬೆಡ್‌ಫರ್ಡ್ ಪಟ್ಟಣದ ಸಮೀಪದ ಎಲ್ಸ್ಟೋ ಎಂಬ ಗ್ರಾಮದಲ್ಲಿ ಜನಿಸಿದನು. ಪಾತ್ರೆಗಳನ್ನು ಬೆಸೆದು ದುರಸ್ತಿ ಮಾಡುವ ತಂದೆಯ ಕಸುಬೇ ಅವನದೂ ಆಯಿತು. ಅಂತರ್ಯುದ್ಧದ ಕಾಲದಲ್ಲಿ ಪಾರ್ಲಿಮೆಂಟಿನ ಸೈನ್ಯದಲ್ಲಿದ್ದು, ಅನಂತರ ಮರಳಿ ಬಂದ ಅವನು 1650ರ ದಶಕದಲ್ಲಿ ಬೆಡ್‌ಫರ್ಡಿನಲ್ಲಿ ಜಾನ್ ಗಿಫರ್ಡ್ ನಡೆಸುತ್ತಿದ್ದ ಸ್ವತಂತ್ರ ಸಭೆಯನ್ನು ಸೇರಿ ಬೋಧಕನಾದನು. ಮೊದಲ ಪತ್ನಿ ನಾಲ್ವರು ಮಕ್ಕಳನ್ನು ಬಿಟ್ಟು ತೀರಿಕೊಂಡಳು. ಹಿರಿಯ ಮಗಳು ಮೇರಿ ಹುಟ್ಟು ಕುರುಡಿ. 1659ರಲ್ಲಿ ಅವನು ಎಲಿಜಬೆತ್ ಎಂಬಾಕೆಯನ್ನು ವಿವಾಹವಾದನು.

1660ರಲ್ಲಿ ಎರಡನೆಯ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದ ಮೇಲೆ ಪರಿಸ್ಥಿತಿ ಬದಲಾಯಿತು. ರಾಜಮಾನ್ಯತೆಯ ಆಂಗ್ಲಿಕನ್ ಸಭೆಯ ಹೊರಗೆ ನಡೆಯುವ ಪ್ರಾರ್ಥನಾಕೂಟಗಳನ್ನು ನಿಷೇಧಿಸಿದ್ದ, ರಾಣಿ ಎಲಿಜಬೆತ್ತಳ ಕಾಲದ ಹಳೆಯ ಕಾನೂನಿಗೆ ಮತ್ತೆ ಜೀವ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಗ್ರಾಮವೊಂದರಲ್ಲಿ ಬೋಧಿಸಲು ಹೋಗಿದ್ದಾಗ ಬನ್ಯನ್ ಬಂಧನಕ್ಕೊಳಗಾದನು. ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಇನ್ನು ಮುಂದೆ ಬೋಧಿಸುವುದಿಲ್ಲವೆಂದು ಮಾತು ಕೊಟ್ಟಿದ್ದರೆ ಅವನು ಮನೆಗೆ ಮರಳಬಹುದಾಗಿತ್ತು. ಆ ಮಾತನ್ನು ಕೊಡದ ಕಾರಣ ಆರಂಭದಲ್ಲಿ ಮೂರು ತಿಂಗಳೆಂದು ವಿಧಿಸಿದ ಸೆರೆವಾಸವು 1672ರವರೆಗೆ, ಹನ್ನೆರಡು ವರ್ಷಗಳ ಕಾಲ ಮುಂದುವರಿಯಿತು. ಬಾಗಿಲಿನ ಕೀಲಿ ಒಂದರ್ಥದಲ್ಲಿ ಅವನ ಕೈಯಲ್ಲಿಯೇ ಇತ್ತು. ಆದುದರಿಂದ ಇದು ಹೊರಗಿನಿಂದ ಒಮ್ಮೆ ಬಂದೆರಗಿದ ಕಷ್ಟವಲ್ಲ; ಪ್ರತಿದಿನವೂ ಹೊಸದಾಗಿ ಒಪ್ಪಿಕೊಳ್ಳಬೇಕಾದ ಕಷ್ಟ. ಪರೀಕ್ಷೆ ಮತ್ತು ಪ್ರಲೋಭನೆ ಎಂಬ ಎರಡು ಅರ್ಥಗಳೂ ಇಲ್ಲಿ ಬೇರ್ಪಡಿಸಲಾಗದಂತೆ ಬೆರೆತಿವೆ.

ಈ ಕಷ್ಟದ ದೊಡ್ಡ ಪಾಲು ಮನೆಯವರ ಮೇಲೆ ಬಿದ್ದಿತು. ಪತಿಯ ಬಂಧನದ ಸುದ್ದಿಯಿಂದ ಆಘಾತಗೊಂಡ ಗರ್ಭಿಣಿ ಎಲಿಜಬೆತ್ತಳಿಗೆ ಅಕಾಲದಲ್ಲಿ ಹೆರಿಗೆಯಾಗಿ ಮಗು ಉಳಿಯಲಿಲ್ಲ. ಆದರೂ ಆಕೆ ಲಂಡನ್ನಿಗೆ ಹೋಗಿ ಮನವಿ ಸಲ್ಲಿಸಿದಳು. 1661ರ ಆಗಸ್ಟಿನಲ್ಲಿ ಬೆಡ್‌ಫರ್ಡಿಗೆ ಬಂದಿದ್ದ ನ್ಯಾಯಾಧೀಶರ ಮುಂದೆ ನಿಂತು ವಾದಿಸಿದಳು. ಅವರಲ್ಲಿ ಮ್ಯಾಥ್ಯೂ ಹೇಲ್ ಸಹಾನುಭೂತಿಯಿಂದ ಕೇಳಿ, ಕಾನೂನಿನಲ್ಲಿ ಉಳಿದಿರುವ ಮಾರ್ಗಗಳನ್ನು ತಿಳಿಸಿದನು, ಟ್ವಿಸ್ಡನ್ ಗದರಿದನು. ತನ್ನದಲ್ಲದ ನಾಲ್ವರು ಎಳೆಯ ಮಕ್ಕಳನ್ನು, ಅವರಲ್ಲೊಬ್ಬಳು ಅಂಧೆ, ಪರರ ನೆರವಿನಿಂದ ಸಾಕುತ್ತಿದ್ದ ಆ ಯುವತಿಯೂ ಪತಿಯು ಬೋಧನೆ ಬಿಡುವನೆಂಬ ಭರವಸೆಯನ್ನು ನ್ಯಾಯಾಲಯಕ್ಕೆ ಕೊಡಲಿಲ್ಲ. ಈ ಸಂಗತಿಗಳು ಬನ್ಯನ್ ಬರೆದಿಟ್ಟ, 1765ರಲ್ಲಿ ಮೊದಲ ಬಾರಿಗೆ ಪ್ರಕಟವಾದ ಸೆರೆವಾಸದ ವೃತ್ತಾಂತದಿಂದ ತಿಳಿದುಬರುತ್ತವೆ. ನಂಬಿಕೆಯ ಪರೀಕ್ಷೆಯನ್ನು ಏಕಾಂಗಿ ವೀರನ ಕಥೆಯೆಂದು ಓದುವವರು ಎಲಿಜಬೆತ್ತಳ ಪಾಲನ್ನು ಕಡೆಗಣಿಸಿದಂತಾಗುತ್ತದೆ.

ಸೆರೆಯಲ್ಲಿ ಬನ್ಯನ್ ಲಾಡಿಗಳಿಗೆ ಲೋಹದ ತುದಿ ಜೋಡಿಸುವ ಕೆಲಸ ಮಾಡಿ ಸಂಸಾರಕ್ಕೆ ಅಲ್ಪ ಸಂಪಾದನೆ ಒದಗಿಸಿದನು. ಬೈಬಲ್ ಮತ್ತು ಜಾನ್ ಫಾಕ್ಸನ ಹುತಾತ್ಮರ ಚರಿತ್ರೆ ಅವನ ಸಂಗಾತಿಗಳಾಗಿದ್ದವು. 1666ರಲ್ಲಿ ಅವನ ಆತ್ಮಚರಿತ್ರೆ ‘ಗ್ರೇಸ್ ಅಬೌಂಡಿಂಗ್’ ಪ್ರಕಟವಾಯಿತು. ಅದರ ಬಹುಭಾಗವನ್ನು ವ್ಯಾಪಿಸಿರುವುದು ಬಂಧನಕ್ಕೆ ಮುಂಚಿನ ಅಂತರಂಗದ ತಳಮಳ. ತಾನು ದೇವರ ಕೃಪೆಗೆ ಪಾತ್ರನೋ ಅಲ್ಲವೋ ಎಂಬ ಸಂಶಯದಿಂದ ಅವನು ವರ್ಷಗಟ್ಟಲೆ ನರಳಿದ್ದನು. ಒಂದು ವೇದವಾಕ್ಯದಿಂದ ಸಮಾಧಾನ, ಮತ್ತೊಂದರಿಂದ ಭೀತಿ, ಹೀಗೆ ಅವನ ಮನಸ್ಸು ಹೊಯ್ದಾಡುತ್ತಿತ್ತು. ಆಗ ಅವನು ಬಯಸಿದ್ದು ಖಾತರಿಯನ್ನು.

ಸೆರೆವಾಸವನ್ನು ಕುರಿತ ಭಾಗದಲ್ಲಿ ಧ್ವನಿಯೇ ಬೇರೆ. ಮೊದಲ ದಿನಗಳಲ್ಲಿ ಕಾನೂನಿನ ಅರಿವಿಲ್ಲದ ಅವನು ತನ್ನನ್ನು ಗಲ್ಲಿಗೇರಿಸಬಹುದೆಂದು ಭಾವಿಸಿದ್ದನು. ಸಾವಿಗಿಂತಲೂ, ಆ ಗಳಿಗೆಯಲ್ಲಿ ಕಾಲು ನಡುಗಿ ತನ್ನ ನಂಬಿಕೆಗೆ ಅಪಕೀರ್ತಿ ತಂದೇನೆಂಬ ಅಂಜಿಕೆ ಅವನನ್ನು ಕಾಡಿತು. ಪ್ರಾರ್ಥಿಸಿದರೂ ಸಾಂತ್ವನ ದೊರೆಯಲಿಲ್ಲ. ಕೊನೆಗೆ ಅವನು ಒಂದು ತೀರ್ಮಾನಕ್ಕೆ ಬಂದನು: ಸಾಂತ್ವನ ಕೊಡುವುದು ಬಿಡುವುದು ದೇವರಿಗೆ ಸೇರಿದ್ದು, ಸಾಂತ್ವನ ಸಿಗಲಿ ಸಿಗದಿರಲಿ ಕೊಟ್ಟ ಮಾತಿಗೆ ನಿಲ್ಲುವುದು ತನಗೆ ಸೇರಿದ್ದು. ಈ ಸಂದರ್ಭದಲ್ಲಿ ಯೋಬನ ಗ್ರಂಥದ ಪ್ರಶ್ನೆಯನ್ನು ಅವನು ನೆನೆಯುತ್ತಾನೆ. ಯೋಬನು ಲಾಭವಿಲ್ಲದೆ ದೇವರಲ್ಲಿ ಭಕ್ತಿ ಇಟ್ಟಾನೆಯೇ ಎಂಬ ಸೈತಾನನ ಆ ಆಕ್ಷೇಪಕ್ಕೆ ಬನ್ಯನ್ ತನ್ನ ಬಾಳಿನಿಂದಲೇ ಉತ್ತರ ಕೊಡಬೇಕಾಯಿತು. ಖಾತರಿಯನ್ನು ಅರಸುತ್ತಿದ್ದ ನಂಬಿಕೆಯು ಖಾತರಿಯಿಲ್ಲದೆ ನಿಲ್ಲಬಲ್ಲ ನಂಬಿಕೆಯಾದದ್ದು ಇಲ್ಲಿ. ಆದರೆ ಇದೇ ಪುಟಗಳಲ್ಲಿ ಕುರುಡು ಮಗಳ ನೆನಪು ಅವನನ್ನು ಎಷ್ಟು ಹಿಂಡಿತೆಂಬುದೂ ಮುಚ್ಚುಮರೆಯಿಲ್ಲದೆ ಬಂದಿದೆ. ನಂಬಿಕೆಯು ಆ ನೋವನ್ನು ಅಳಿಸಲಿಲ್ಲ.

ಈ ಬೆಳವಣಿಗೆಯ ಮುಂದಿನ ಹಂತವನ್ನು ಅವನ ಪ್ರಸಿದ್ಧ ರೂಪಕಕಥೆ ‘ಪಿಲ್ಗ್ರಿಮ್ಸ್ ಪ್ರೋಗ್ರೆಸ್’ನಲ್ಲಿ ಕಾಣಬಹುದು. ಬಹುಪಾಲು ವಿದ್ವಾಂಸರ ಅಭಿಪ್ರಾಯದಂತೆ ಸೆರೆಯಲ್ಲಿಯೇ ಆರಂಭವಾದ ಮೊದಲ ಭಾಗವು 1678ರಲ್ಲಿ ಪ್ರಕಟವಾಯಿತು. ಕಥಾನಾಯಕ ಕ್ರಿಶ್ಚಿಯನ್ ಹೆಂಡತಿ ಮಕ್ಕಳ ಕೂಗು ಕೇಳಿಸದಂತೆ ಕಿವಿಗೆ ಬೆರಳಿಟ್ಟು ಓಡುತ್ತಾನೆ. ಹತಾಶೆಯೆಂಬ ರಾಕ್ಷಸನು ಸಂಶಯದ ಕೋಟೆಯಲ್ಲಿ ಅವನನ್ನೂ ಗೆಳೆಯನನ್ನೂ ಸೆರೆಯಲ್ಲಿಟ್ಟಾಗ, ಬಿಡುಗಡೆಯ ಕೀಲಿಯು ತನ್ನ ಎದೆಯಲ್ಲಿಯೇ ಇದ್ದುದನ್ನು ಅವನು ತಡವಾಗಿ ಅರಿಯುತ್ತಾನೆ. ಆ ಕೀಲಿಯ ಹೆಸರು ‘ವಾಗ್ದಾನ’.

1684ರಲ್ಲಿ ಎರಡನೆಯ ಭಾಗ ಹೊರಬಂದಿತು. ಇಲ್ಲಿ ಹಿಂದೆ ಉಳಿದಿದ್ದ ಪತ್ನಿ ಕ್ರಿಶ್ಚಿಯಾನಾ ಮಕ್ಕಳೊಂದಿಗೆ ಅದೇ ದಾರಿಯಲ್ಲಿ ಹೊರಡುತ್ತಾಳೆ. ಅವರಿಗೆ ಮಾರ್ಗದರ್ಶಕನಿದ್ದಾನೆ, ಜೊತೆಯಲ್ಲಿ ಊರುಗೋಲು ಹಿಡಿದವನು, ದುರ್ಬಲ ಮನಸ್ಸಿನವನು, ಸದಾ ಅಂಜುವವರು ಇದ್ದಾರೆ. ಅವರಿಗಾಗಿ ಬಲಶಾಲಿಗಳು ನಿಧಾನವಾಗಿ ನಡೆಯುತ್ತಾರೆ. ಸಂಶಯದ ಕೋಟೆಯನ್ನು ಕೆಡವಿ ಅಲ್ಲಿನ ಸೆರೆಯಾಳುಗಳನ್ನು ಬಿಡಿಸುತ್ತಾರೆ. ಮೊದಲ ಭಾಗದ ರಭಸ ಇದರಲ್ಲಿಲ್ಲವೆಂದು ವಿಮರ್ಶಕರು ಹೇಳುವುದುಂಟು. ಆದರೆ ಆಧ್ಯಾತ್ಮಿಕ ವಿಕಾಸದ ದಾಖಲೆಯಾಗಿ ನೋಡಿದರೆ ಎರಡನೆಯ ಭಾಗವೇ ಹೆಚ್ಚು ಪ್ರೌಢವಾದುದು. ತನ್ನೊಬ್ಬನ ರಕ್ಷಣೆಯ ಚಿಂತೆಯಿಂದ ಹೊರಟ ಲೇಖಕನು ಬಲಹೀನರೊಂದಿಗೆ ನಡೆಯುವ ತಾಳ್ಮೆಯನ್ನು ತಲುಪಿದ್ದಾನೆ. ಬಿಡುಗಡೆಯ ವರ್ಷವಾದ 1672ರಿಂದ ಸಭೆಯ ಪಾಲಕನಾಗಿ ಅನೇಕರ ಸಂಕಟಗಳನ್ನು ಕಂಡ ಅನುಭವವೂ ಇದರ ಹಿಂದೆ ಇದ್ದಿರಬೇಕು.

ಈ ಕೃತಿಗೆ ಕನ್ನಡದೊಂದಿಗೂ ಸಂಬಂಧವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1841ರಲ್ಲಿ ಅಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬನ್ಯನ್ನನ ಕಥೆ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಿಂದ ಕನ್ನಡದಲ್ಲಿ ಬಂದು, ನಮ್ಮ ಗದ್ಯಕಥನದ ಇತಿಹಾಸದಲ್ಲಿಯೂ ಉಲ್ಲೇಖಗೊಂಡಿತು. 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರಂತಹವರು ಬದುಕಿದ ಕಾಲವದು. ಮತಾಂತರವು ಮನೆ, ಕುಲ, ಬಂಧುಬಳಗಗಳ ಅಗಲಿಕೆಯನ್ನು ತರುತ್ತಿದ್ದ ಆ ದಿನಗಳಲ್ಲಿ, ಮನೆ ಬಿಟ್ಟು ಓಡುವ ಯಾತ್ರಿಕನ ಚಿತ್ರವು ಇಲ್ಲಿನ ಹೊಸ ಕ್ರೈಸ್ತರಿಗೆ ಬರಿಯ ರೂಪಕವಾಗಿ ಉಳಿದಿರಲಾರದು. ಹಿಂದೆ ಉಳಿದವರ ನೋವು ಕೂಡ ಅಷ್ಟೇ ನಿಜವಾಗಿತ್ತು.

ಬನ್ಯನ್ 1688ರಲ್ಲಿ ಲಂಡನ್ನಿನಲ್ಲಿ ನಿಧನನಾದನು. ಎಲಿಜಬೆತ್ ಅವನ ಅನಂತರವೂ ಕೆಲವು ವರ್ಷ ಬದುಕಿದ್ದಳು. ಸಂಕಟವು ತಾನಾಗಿಯೇ ಯಾರನ್ನೂ ಬೆಳೆಸುವುದಿಲ್ಲವೆಂಬುದನ್ನು ಅವರ ಚರಿತ್ರೆ ತಿಳಿಸುತ್ತದೆ. ಫಲಾಪೇಕ್ಷೆಯಿಲ್ಲದ ನಿಷ್ಠೆಯೂ, ತನ್ನ ನಿಷ್ಠೆಯಿಂದ ನೊಂದವರನ್ನು ಮರೆಯದ ಅಂತಃಕರಣವೂ ಸೇರಿದಾಗ ಮಾತ್ರ ಅದು ಬೆಳವಣಿಗೆಯಾಗುತ್ತದೆ. ಮೊದಲನೆಯದನ್ನು ಬನ್ಯನ್ ಸೆರೆಯ ಆರಂಭದಲ್ಲಿಯೇ ಕಲಿತನು. ಎರಡನೆಯದನ್ನು ಬರೆಹದಲ್ಲಿ ಕಾಣಿಸಲು ಅವನಿಗೆ ಇನ್ನೂ ಎರಡು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು.