ಕೊಯಮತ್ತೂರು ಜಿಲ್ಲೆಯ ಗಡಿಗಳೂ ಕನ್ನಡದವರ ಎಣಿಕೆಯೂ

ಕೊಯಮತ್ತೂರು ಸೀಮೆಯ ಕನ್ನಡದ ಬಗ್ಗೆ ಬರೆಯಹೊರಟವರು ಮೊದಲು ಜನಗಣತಿಯ ಪಟ್ಟಿ ತೆಗೆದು ಕನ್ನಡದವರು ಎಷ್ಟು ಜನ ಅಂತ ನೋಡುತ್ತಾರೆ. ಹಳೆಯ ಪಟ್ಟಿಗಿಂತ ಹೊಸದರಲ್ಲಿ ಪ್ರಮಾಣ ಕಡಿಮೆ ಕಂಡರೆ ಮಾತೇ ಅಳಿಯಿತು ಅಂತ ಬರೆದುಬಿಡುತ್ತಾರೆ. ಇದು ಅವಸರದ ತೀರ್ಮಾನ. ಜಿಲ್ಲೆಯ ಹೆಸರು ಉಳಿದಿದೆ, ನೆಲ ಉಳಿದಿಲ್ಲ.

1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಸೀಮೆ ಮೈಸೂರಿನ ಕೈತಪ್ಪಿ ಕುಂಪಣಿಯ ಪಾಲಾಯಿತು. ಘಟ್ಟದ ಕೆಳಗಿನ ಬಯಲೂ ಮೇಲಿನ ಕೊಳ್ಳೇಗಾಲವೂ ಒಂದೇ ಜಿಲ್ಲೆಯೊಳಗೆ ಬಂದವು. ನೀಲಗಿರಿ 1868ರಲ್ಲಿ ಬೇರೆಯಾಯಿತು. ಕೊಳ್ಳೇಗಾಲ ಮಾತ್ರ 1956ರ ನವೆಂಬರ್ 1ರ ತನಕ ಉಳಿಯಿತು. ಮಲೆ ಮಹದೇಶ್ವರನ ಬೆಟ್ಟ ಅಲ್ಲೀವರೆಗೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು ಅಂದ್ರೆ ಇವತ್ತಿನ ಹುಡುಗರು ನಂಬೋದು ಕಷ್ಟ. 1951ರ ಜನಗಣತಿಯಲ್ಲಿ ಅಲ್ಲಿಯ ಕನ್ನಡದವರು ಕೊಯಮತ್ತೂರಿನ ಲೆಕ್ಕ, 1961ರಲ್ಲಿ ಮೈಸೂರು ಜಿಲ್ಲೆಯ ಲೆಕ್ಕ. ಅವರು ಊರು ಬಿಟ್ಟು ಹೋದದ್ದಲ್ಲ, ಕಡತ ಕೈ ಬದಲಾಯಿತು ಅಷ್ಟೆ. ಆದ್ದರಿಂದ ಈ ಎರಡು ಗಣತಿಗಳನ್ನು ಹೋಲಿಸುವ ಮೊದಲು ಕೊಳ್ಳೇಗಾಲವನ್ನು ಕಳೆಯಲೇಬೇಕು.

ತಾಳವಾಡಿ ಕಡೆಯ ಹಳ್ಳಿಗಳ ಕಥೆ ಬೇರೆ. ಅವು ಘಟ್ಟದ ಮೇಲೇ ಇದ್ದರೂ ಮದ್ರಾಸ್ ರಾಜ್ಯದಲ್ಲಿ ಉಳಿದವು. ರಾಜ್‌ಕುಮಾರ್ ಅವರ ಗಾಜನೂರು ಇಲ್ಲಿಯದೇ. 1979ರಲ್ಲಿ ಪೆರಿಯಾರ್ ಜಿಲ್ಲೆ, ಅಂದರೆ ಈಗಿನ ಈರೋಡು, ಆದಾಗ ಇವೂ ಕೊಯಮತ್ತೂರನ್ನು ಬಿಟ್ಟವು.

ಉಪಭಾಷೆಯ ಅಭ್ಯಾಸಿಗಳಿಗೆ ಮುಖ್ಯವಾದದ್ದು ಇಲ್ಲಿದೆ. ಕೊಳ್ಳೇಗಾಲ, ತಾಳವಾಡಿಗಳ ಮಾತು ಮೈಸೂರು ಸೀಮೆಯ ಕನ್ನಡಕ್ಕೆ ಹೊಂದಿಕೊಂಡೇ ಹರಿಯುವಂಥದು. ಬಯಲಿನ ದೇವಾಂಗರು, ಒಕ್ಕಲಿಗರು ಆಡುವುದು ತಲೆಮಾರುಗಳಿಂದ ತಮಿಳಿನ ನಡುವೆ ಬಾಳಿದ ಮನೆಮಾತು. ಹಳೆಯ ಬರಹದಲ್ಲಿ ಎರಡಕ್ಕೂ ‘ಕೊಯಮತ್ತೂರು ಕನ್ನಡ’ ಎಂಬ ಒಂದೇ ಚೀಟಿ ಅಂಟಿಸಿದ್ದರೆ ಯಾವುದರ ಮಾದರಿ ಅಂತ ಊರಿನ ಹೆಸರು ನೋಡಿಯೇ ತಿಳಿಯಬೇಕು. ಜಾತಿಯ ಹೆಸರೊಂದನ್ನೇ ನಂಬುವ ಹಾಗೂ ಇಲ್ಲ. ದೇವಾಂಗರಲ್ಲಿ ತೆಲುಗು ಆಡುವವರೂ ಇದ್ದಾರೆ.

2009ರ ಫೆಬ್ರುವರಿಯಲ್ಲಿ ತಿರುಪ್ಪೂರು ಜಿಲ್ಲೆಯಾಯಿತು. ಕೊಯಮತ್ತೂರಿನಿಂದ ಅವಿನಾಶಿ, ಪಲ್ಲಡಂ, ಉಡುಮಲಪೇಟೆ ಕಡೆಯ ನೆಲ. ಈರೋಡಿನಿಂದ ಧಾರಾಪುರ, ಕಾಂಗೇಯಂ. ಹೀಗೆ ಬಯಲಿನ ಕನ್ನಡವೂ ಎರಡು ಪಟ್ಟಿಗಳಿಗೆ ಹಂಚಿಹೋಯಿತು. 2011ರಲ್ಲಿ ಕೊಯಮತ್ತೂರಿನ ಜನಸಂಖ್ಯೆ 34,58,045, ತಿರುಪ್ಪೂರಿನದು 24,79,052. ಕೊಡುಕೊಳ್ಳುವ ನಂಟಿಗೆ ಈ ಗೆರೆ ಅಡ್ಡ ಬರೋದಿಲ್ಲ. ನಾವು ಹಾಕುವ ಕೋಷ್ಟಕಕ್ಕೆ ಮಾತ್ರ ಬರುತ್ತೆ. ಹಿಂದಿನ ಗಣತಿಯ ಜೊತೆ ಹೋಲಿಸುವವರು ತಾಲ್ಲೂಕುವಾರು ಅಂಕಿ ತೆಗೆದು ಕೂಡಿಸಿಕೊಳ್ಳಬೇಕು.

ಎಣಿಕೆಯ ಒಳಗೂ ತೊಡಕಿದೆ. ಇಡೀ ದೇಶದ ಲೆಕ್ಕದಲ್ಲಿ 2011ರ ಜನಗಣತಿ ‘ಕನ್ನಡ’ವೆಂದು ತೋರಿಸಿದ 4,37,06,512 ಜನರಲ್ಲಿ ಬಡಗ ಮಾತಿನ 1,33,550, ಕುರುಬ ಅಥವಾ ಕುರುಂಬ ಎಂದು ಬರೆಸಿದ 24,189 ಜನರೂ ಸೇರಿದ್ದಾರೆ. ಬಡಗವನ್ನು ಬೇರೆ ಭಾಷೆ ಅನ್ನುವ ವಿದ್ವಾಂಸರೂ ಕನ್ನಡದ ಮೊತ್ತ ಹೇಳುವಾಗ ಇದನ್ನು ಮರೀತಾರೆ.

ಇನ್ನು ಮನೆಬಾಗಿಲ ಮಾತು. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ್ದೇ ಮಾತೃಭಾಷೆ ಅಂತ ಜನಗಣತಿಯ ವಿವರಣೆ. ಆದರೆ ಎಣಿಸಲು ಬಂದವರು ತಮಿಳಿನಲ್ಲಿ ಕೇಳ್ತಾರೆ, ಮನೆಯವರು ತಮಿಳಿನಲ್ಲೇ ಉತ್ತರಿಸ್ತಾರೆ, ಮಕ್ಕಳು ಓದೋದೂ ತಮಿಳು. ಮಾತೃಭಾಷೆಯ ಕಲಮಿನಲ್ಲಿ ‘ತಮಿಳು’ ಅಂತ ಬಿದ್ದುಹೋಗಲು ಅಷ್ಟು ಸಾಕು. ಹೊರಗೆ ಬಂದವರು ಆ ಕಡೆ ತಿರುಗಿದ ಕೂಡಲೇ ಅಜ್ಜಿ ಒಳಗಿನಿಂದ ಕೇಳೋದು ಕನ್ನಡದಲ್ಲೇ: “ಯಾರು ಬಂದಿದ್ರು?”