ನಮ್ಮ ವಿಶ್ವವಿದ್ಯಾನಿಲಯಗಳೂ ಅವುಗಳ ಅಳತೆಯೂ

ವಿಶ್ವವಿದ್ಯಾನಿಲಯವೆಂಬುದು ವಿದ್ಯೆಯನ್ನು ಕಲಿಸುವ ಸ್ಥಾನವೆಂದು ನಾವೆಲ್ಲರೂ ಸಹಜವಾಗಿ ತಿಳಿದುಕೊಂಡಿದ್ದೇವೆ. ಆದರೆ ಕ್ರಿ. ಶ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಹುಟ್ಟಿದ ಮೂರು ವಿಶ್ವವಿದ್ಯಾನಿಲಯಗಳಲ್ಲಿ ಪಾಠ ಹೇಳುವುದಕ್ಕೆ ಒಬ್ಬ ಉಪಾಧ್ಯಾಯನೂ ಇರಲಿಲ್ಲ. ಇದ್ದುದು ಒಂದು ಸೆನೆಟ್ ಸಭೆ, ಒಬ್ಬ ರಿಜಿಸ್ಟ್ರಾರು, ಕೆಲವು ಮಂದಿ ಪರೀಕ್ಷಕರು, ಪದವೀಪತ್ರಕ್ಕೆ ಒತ್ತುವ ಮೊಹರು. ಕಲಿಸುವ ಭಾರವೆಲ್ಲ ಊರೂರುಗಳಲ್ಲಿದ್ದ ಕಾಲೇಜುಗಳದು. ಕಲಿತುದನ್ನು ಅಳೆಯುವ ಅಧಿಕಾರ ಮಾತ್ರ ವಿಶ್ವವಿದ್ಯಾನಿಲಯದ್ದು. ಒಕ್ಕಲಿಗನು ಬೆಳೆಯನ್ನು ಬೆಳೆದು, ಕಣ ಮಾಡಿ, ರಾಶಿ ಹಾಕಿದ ಮೇಲೆ ಕೊಳಗವನ್ನು ಹುಡುಕುತ್ತಾನೆ. ನಮ್ಮ ದೇಶದ ಉನ್ನತ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಮೊದಲು ಬಂದುದು ಕೊಳಗ. ಅಲ್ಲಿಂದೀಚೆಗೆ ಆ ಕೊಳಗವನ್ನು ಹಲವು ಸಲ ಬದಲಾಯಿಸಿದ್ದಾರೆ. ಪ್ರತಿಯೊಂದು ಸಲವೂ ಯಾವುದನ್ನು ಗುರಿಯೆಂದು ಸಾರಿದರು, ಯಾವುದನ್ನು ಎಣಿಸಿದರು ಎಂಬುದನ್ನು ಜತೆಯಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು, ಸರ್ಕಾರದ ಉದ್ಯೋಗಗಳಿಗೆ ಇಂಗ್ಲಿಷ್ ಕಲಿತವರಿಗೆ ಪ್ರಾಶಸ್ತ್ಯ ಕೊಡತಕ್ಕದ್ದೆಂದು ನಿರ್ಣಯ ಮಾಡಿದ್ದನು. ಕಲಿತವನಾರು ಎಂಬುದನ್ನು ನಿಶ್ಚಯಿಸುವುದಕ್ಕೆ ಒಂದು ಮುದ್ರೆ ಬೇಕಾಯಿತು. ಹತ್ತು ವರ್ಷಗಳ ತರುವಾಯ, 1854ರ ಜುಲೈ 19ರಂದು, ಕಂಪೆನಿಯ ಮೇಲಣ ನಿಯಂತ್ರಣ ಮಂಡಲಿಯ ಅಧ್ಯಕ್ಷನಾದ ಸರ್ ಚಾರ್ಲ್ಸ್ ವುಡ್ಡನ ಹೆಸರಿನಲ್ಲಿ ಪ್ರಸಿದ್ಧವಾದ ವಿದ್ಯಾಪತ್ರವು ಲಂಡನ್ನಿನಿಂದ ಹೊರಟಿತು. ಅದರಲ್ಲಿ ಹೇಳಿದ ಗುರಿಗಳು ಸಣ್ಣವಲ್ಲ. ಜನರ ಬುದ್ಧಿ ಬೆಳೆಯಬೇಕು, ನಡತೆ ಉತ್ತಮವಾಗಬೇಕು, ನಂಬಿಕೆಗೆ ತಕ್ಕ ನೌಕರರು ಸಿಕ್ಕಬೇಕು. ಇಷ್ಟರ ನಡುವೆ, ಇಂಗ್ಲೆಂಡಿನ ಕಾರ್ಖಾನೆಗಳಿಗೆ ಬೇಕಾದ ಪದಾರ್ಥಗಳ ಒದಗಣೆಯೂ ಹೆಚ್ಚಬೇಕು! ಕೆಲವು ವಿಷಯಗಳಿಗೆ ಪ್ರಾಧ್ಯಾಪಕರನ್ನು ನೇಮಿಸಬಹುದೆಂಬ ಸೂಚನೆಯೂ ಆ ಪತ್ರದಲ್ಲಿದ್ದಿತು. ಆದರೆ ಮಾದರಿಗೆ ತೆಗೆದುಕೊಂಡುದು ಆಗಿನ ಲಂಡನ್ ವಿಶ್ವವಿದ್ಯಾನಿಲಯವನ್ನು. ಅದು 1836ರಲ್ಲಿ ಸನ್ನದು ಪಡೆದುದೇ ಪರೀಕ್ಷೆ ಮಾಡಿ ಪದವಿ ಕೊಡುವುದಕ್ಕಾಗಿ. ಪ್ರಾಧ್ಯಾಪಕರ ಮಾತು ಕಾಗದದಲ್ಲಿಯೇ ಉಳಿಯಿತು, ಪರೀಕ್ಷೆಯು ನಡೆದುಬಂದಿತು. ಲಂಡನ್ನಿನವರು 1898ರ ಕಾಯಿದೆಯಿಂದ ತಮ್ಮ ವಿಶ್ವವಿದ್ಯಾನಿಲಯವನ್ನು ಪಾಠ ಹೇಳುವ ಸಂಸ್ಥೆಯನ್ನಾಗಿ ಮಾರ್ಪಡಿಸಿಕೊಂಡರು. ನಾವು ಮಾತ್ರ ಅವರು ಬಿಟ್ಟ ಅಂಗಿಯನ್ನು ಬಹುಕಾಲ ತೊಟ್ಟುಕೊಂಡಿದ್ದೆವು.

ಹೊಸ ಕೊಳಗದಿಂದ ಮೊದಲ ಸಲ ಅಳೆದಾಗ ಏನಾಯಿತೆಂಬುದು ತಿಳಿಯತಕ್ಕ ಸಂಗತಿ. 1857ರಲ್ಲಿ ಕಲ್ಕತ್ತದ ಪ್ರವೇಶ ಪರೀಕ್ಷೆಗೆ 244 ಮಂದಿ ಕುಳಿತರು. ಮರುವರ್ಷ ನಡೆದ ಮೊದಲನೆಯ ಬಿ. ಎ. ಪರೀಕ್ಷೆಗೆ ಹೆಸರು ಕೊಟ್ಟವರು 13 ಮಂದಿ. ಇವರಲ್ಲಿ ಒಬ್ಬನಾದರೂ ನಿಯಮಕ್ಕನುಸಾರವಾಗಿ ತೇರ್ಗಡೆಯಾಗಲಿಲ್ಲ. ಆರು ವಿಷಯಗಳಲ್ಲಿ ಐದನ್ನು ಚೆನ್ನಾಗಿ ಮಾಡಿ, ಆರನೆಯದರಲ್ಲಿ ಏಳಕ್ಕೆ ಮೀರದಷ್ಟು ಅಂಕಗಳಿಂದ ಸೋತಿದ್ದ ಇಬ್ಬರಿಗೆ ವಿಶೇಷ ಅನುಗ್ರಹದಿಂದ ಎರಡನೆಯ ದರ್ಜೆಯಲ್ಲಿ ಪದವಿ ಕೊಡಬಹುದೆಂದು ನಿರ್ಣಯಿಸಿದರು. ಒಬ್ಬರು ಯದುನಾಥ ಬಸು. ಇನ್ನೊಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯರು. ಬಿ. ವೆಂಕಟಾಚಾರ್ಯರ ಅನುವಾದಗಳ ಮೂಲಕ ಕನ್ನಡದ ಮನೆಮನೆಗೂ ಪರಿಚಿತರಾದ ಆ ಬಂಕಿಮಚಂದ್ರರೇ. ವಂಗ ಸಾಹಿತ್ಯಕ್ಕೆ ಹೊಸ ಹುಟ್ಟನ್ನು ಕೊಡಲಿದ್ದ ಪುರುಷನು ಕೊಳಗದ ಬಾಯಿಗೆ ಏಳು ಕಾಳು ಕಡಿಮೆಯಾಗಿದ್ದನು. ಅನುಗ್ರಹ ಮಾಡಿದವರಿಗೆ ಈ ಮಾತು ಹೊಳೆದಿರಲಾರದು. ಅವರು ಕನಿಕರದಿಂದಲೋ, ಮೊದಲ ವರ್ಷವೇ ಪದವೀಧರರಿಲ್ಲದೆ ಹೋದರೆ ಸಂಸ್ಥೆಗೆ ಅಪಕೀರ್ತಿಯೆಂದೋ ಹಾಗೆ ಮಾಡಿರಬೇಕು. ಬಂಕಿಮಚಂದ್ರರು ಅದೇ ವರ್ಷ ಡೆಪ್ಯುಟಿ ಮ್ಯಾಜಿಸ್ಟ್ರೇಟರಾದರು. ಹಾರ್ಡಿಂಜನ ನಿರ್ಣಯವು ಬಯಸಿದ್ದು ಹೀಗೆ ಕೈಗೂಡಿತು.

ಬೊಂಬಾಯಿಯಲ್ಲಿ 1862ರಲ್ಲಿ ಮೊದಲ ಪದವೀಧರರು ಹೊರಬಂದರು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರಕರ್ ಇಬ್ಬರೂ ಆ ತಂಡದವರು. ಇಂಥವರು ಬಂದುದರಿಂದ ಆ ಪದ್ಧತಿಯೇ ಒಳ್ಳೆಯದೆಂದು ವಾದಿಸುವವರುಂಟು. ರಾನಡೆಯವರೂ ಭಂಡಾರಕರರೂ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗುರುಗಳ ಎದುರು ಕುಳಿತು ಬೆಳೆದವರೆಂಬುದನ್ನು ಆ ವಾದವು ಮರೆಯುತ್ತದೆ. ಅವರನ್ನು ಬೆಳೆಸಿದುದು ಕಾಲೇಜು; ಲೆಕ್ಕಕ್ಕೆ ಬರೆದುಕೊಂಡುದು ವಿಶ್ವವಿದ್ಯಾನಿಲಯ.

ಕಾಲವು ಕಳೆದಂತೆ ಲೆಕ್ಕವೇ ಗುರಿಯಾಯಿತು. ಕಾಲೇಜಿನ ಯೋಗ್ಯತೆಯನ್ನು ತಿಳಿಯುವುದಕ್ಕೆ ಹೊರಗಿನವರಿಗೆ ಇದ್ದ ಆಧಾರವೆಂದರೆ ವರ್ಷವರ್ಷವೂ ಪ್ರಕಟವಾಗುತ್ತಿದ್ದ ತೇರ್ಗಡೆಯ ಪಟ್ಟಿ. ಆದುದರಿಂದ ಪಟ್ಟಿಯಲ್ಲಿ ಹೆಸರು ಬರುವಂತೆ ಪಾಠ ಹೇಳುವುದೇ ಪಾಠವಾಯಿತು. ಉಪಾಧ್ಯಾಯರು ಟಿಪ್ಪಣಿಗಳನ್ನು ಬರೆಯಿಸಿದರು, ಹುಡುಗರು ಕಂಠಪಾಠ ಮಾಡಿದರು. ಪಟ್ಟಿಯ ಇನ್ನೊಂದು ಬದಿಯಲ್ಲಿದ್ದವರ ಕಥೆಯನ್ನು ಯಾವ ವರದಿಯೂ ವಿಸ್ತಾರವಾಗಿ ಹೇಳುವುದಿಲ್ಲ. ಮನೆಯ ಹಿರಿಯ ಮಗನನ್ನು ಪಟ್ಟಣಕ್ಕೆ ಕಳುಹಿಸಿ, ಸಾಲ ಮಾಡಿ ಫೀಜು ಕಟ್ಟಿ, ತಂತಿಯ ಸುದ್ದಿಗಾಗಿ ಕಾದುಕೊಂಡಿರುತ್ತಿದ್ದ ತಂದೆತಾಯಿಗಳು ಎಷ್ಟು ಮಂದಿಯೋ! ಬಿ. ಎ. ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿರುವುದನ್ನೇ ಒಂದು ಯೋಗ್ಯತೆಯೆಂಬಂತೆ ಅರ್ಜಿಗಳಲ್ಲಿ ಬರೆದುಕೊಳ್ಳುವ ವಾಡಿಕೆ ಹುಟ್ಟಿತೆಂದರೆ ಆ ಅಳತೆಯು ಮನೆಗಳೊಳಕ್ಕೆ ಎಷ್ಟು ದೂರ ಹೊಕ್ಕಿದ್ದಿತೆಂಬುದು ತಿಳಿಯುತ್ತದೆ.

ಈ ಕೊಳಗವನ್ನೇ ಒಮ್ಮೆ ಅಳೆದು ನೋಡಬೇಕೆಂದು ಹೊರಟವನು ಲಾರ್ಡ್ ಕರ್ಜನ್. 1901ರಲ್ಲಿ ಅವನು ಶಿಮ್ಲಾದಲ್ಲಿ ಕೂಡಿಸಿದ ವಿದ್ಯಾಸಮ್ಮೇಳನಕ್ಕೆ ಒಬ್ಬ ಭಾರತೀಯನನ್ನೂ ಕರೆಯಲಿಲ್ಲ. 1902ರಲ್ಲಿ ಸರ್ ತಾಮಸ್ ರಾಲಿಯ ಅಧ್ಯಕ್ಷತೆಯಲ್ಲಿ ಕಮಿಷನ್ ಕುಳಿತಿತು. ಅದರ ಸದಸ್ಯರಾದ ಸರ್ ಗುರುದಾಸ ಬ್ಯಾನರ್ಜಿಯವರು ಸಹೋದ್ಯೋಗಿಗಳಿಂದ ಬೇರೆಯಾಗಿ ತಮ್ಮ ಅಭಿಪ್ರಾಯವನ್ನು ಬರೆದಿಟ್ಟರು. ಮಟ್ಟವನ್ನು ಏರಿಸುವ ಹೆಸರಿನಲ್ಲಿ ಫೀಜನ್ನೂ ಏರಿಸಿದರೆ ಬಡವರ ಮಕ್ಕಳು ಹೊರಗುಳಿಯುವರೆಂಬುದು ಅವರ ಚಿಂತೆಗಳಲ್ಲೊಂದು. 1904ರ ಕಾಯಿದೆಯು ಕಾಲೇಜುಗಳನ್ನು ಆಗಾಗ ಪರಿಶೀಲಿಸಬೇಕೆಂದು ವಿಧಿಸಿತು, ವಿಶ್ವವಿದ್ಯಾನಿಲಯಗಳು ತಾವೇ ಪ್ರಾಧ್ಯಾಪಕರನ್ನಿಟ್ಟು ಪಾಠ ಹೇಳಿಸಲು ಅನುಮತಿ ಕೊಟ್ಟಿತು. ಇವೆರಡೂ ಒಳ್ಳೆಯವೇ. ಆದರೆ ಹಳೆಯ ಮೂರು ವಿಶ್ವವಿದ್ಯಾನಿಲಯಗಳ ಸೆನೆಟ್ಟಿನಲ್ಲಿ ಗರಿಷ್ಠ 100 ಮಂದಿಯಲ್ಲಿ ಚುನಾಯಿತರು 20 ಮಂದಿ ಮಾತ್ರ. ಉಳಿದವರು ಬಹುಮಟ್ಟಿಗೆ ಸರ್ಕಾರದ ಕೈಯವರು. ಗೋಖಲೆಯವರು ಕೇಂದ್ರ ಶಾಸನಸಭೆಯಲ್ಲಿ ಈ ಮಸೂದೆಯನ್ನು ಬಲವಾಗಿ ವಿರೋಧಿಸಿದರು. ಮಟ್ಟ ಏರಬೇಕೆಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ಕೊಳಗವನ್ನು ಯಾರು ಹಿಡಿಯಬೇಕೆಂಬುದು ಅವರ ಪ್ರಶ್ನೆ. ಆ ಪ್ರಶ್ನೆಯು ಕರ್ಜನ್ನನ ಸಂಗಡ ಹಡಗನ್ನು ಹತ್ತಿ ಹೋಗಲಿಲ್ಲ.

ನಮ್ಮಲ್ಲಿ ನಡೆದ ಅಳತೆಗಳಲ್ಲೆಲ್ಲ ನನ್ನ ಎಣಿಕೆಯಲ್ಲಿ ಶ್ರೇಷ್ಠವಾದುದು 1917ರಲ್ಲಿ ನೇಮಕವಾದ ಕಲ್ಕತ್ತ ವಿಶ್ವವಿದ್ಯಾನಿಲಯದ ಕಮಿಷನ್. ಲೀಡ್ಸ್ ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರರಾದ ಸರ್ ಮೈಕೇಲ್ ಸ್ಯಾಡ್ಲರರು ಅಧ್ಯಕ್ಷರು. ಸರ್ ಆಶುತೋಷ ಮುಖರ್ಜಿ, ಡಾಕ್ಟರ್ ಜಿಯಾಉದ್ದೀನ್ ಅಹಮದ್ ಮೊದಲಾದವರು ಸದಸ್ಯರು. 1919ರಲ್ಲಿ ಹೊರಬಂದ ವರದಿಯು 13 ಸಂಪುಟಗಳಾಯಿತು. ವಂಗ ದೇಶದಲ್ಲಿ ಆಗ ಸುಮಾರು 26,000 ವಿದ್ಯಾರ್ಥಿಗಳು ಪದವಿಗಾಗಿ ಓದುತ್ತಿದ್ದರು. ಹೆಚ್ಚುಕಡಮೆ ಅಷ್ಟೇ ಜನಸಂಖ್ಯೆಯುಳ್ಳ ಬ್ರಿಟನ್ನಿನಲ್ಲಿಯೂ ಪದವಿಗೆ ಓದುವವರ ಸಂಖ್ಯೆ ಸುಮಾರು ಅಷ್ಟೇ ಇದ್ದಿತು. ಸಂಖ್ಯೆಯನ್ನೇ ಗುರಿಯೆಂದು ಇಟ್ಟುಕೊಂಡಿದ್ದರೆ ಅಲ್ಲಿಗೆ ಕೆಲಸ ಮುಗಿಯುತ್ತಿದ್ದಿತು. ಸ್ಯಾಡ್ಲರರು ಅಲ್ಲಿ ನಿಲ್ಲಲಿಲ್ಲ. ಹುಡುಗರು ಎಂಥ ಬಾಡಿಗೆಯ ಕೊಠಡಿಗಳಲ್ಲಿ ವಾಸ ಮಾಡುತ್ತಾರೆ, ಅವರ ಆರೋಗ್ಯ ಹೇಗಿದೆ, ಉಪಾಧ್ಯಾಯನಿಗೆ ತನಗೆ ಸರಿ ತೋರಿದುದನ್ನು ಕಲಿಸುವ ಸ್ವಾತಂತ್ರ್ಯವಿದೆಯೇ, ಪರಭಾಷೆಯಲ್ಲಿ ಕಲಿಯುವುದರಿಂದ ಬುದ್ಧಿಗೆ ಏನಾಗುತ್ತದೆ ಎಂದು ಕೇಳಿದರು. ಪರೀಕ್ಷೆಯು ಪಾಠವನ್ನು ಆಳುತ್ತಿದೆಯೆಂದು ತಿಳಿಸಿದರು. ಒಂದೇ ಸ್ಥಳದಲ್ಲಿ ಗುರುಶಿಷ್ಯರು ಕೂಡಿ ವಾಸಿಸುವ, ತಾನೇ ಕಲಿಸುವ ವಿಶ್ವವಿದ್ಯಾನಿಲಯ ಬೇಕೆಂದರು. 1921ರಲ್ಲಿ ಢಾಕಾದಲ್ಲಿ ಅಂಥದೊಂದು ಆರಂಭವಾಗಿ, ಕಮಿಷನ್ನಿನ ಸದಸ್ಯರಾಗಿದ್ದ ಫಿಲಿಪ್ ಹಾರ್ಟಾಗರೇ ಅದರ ಮೊದಲನೆಯ ವೈಸ್ ಛಾನ್ಸಲರರಾದರು. ಯಾವ ಕಲ್ಕತ್ತವನ್ನು ಕುರಿತು ವರದಿ ಬರೆದರೋ ಆ ಕಲ್ಕತ್ತದಲ್ಲಿ ಮಾತ್ರ ಅದರ ಬಹುಭಾಗವು ಕಪಾಟಿನಲ್ಲಿಯೇ ಉಳಿಯಿತು.

ಆ ವೇಳೆಗೆ ಮೈಸೂರು ಬೇರೆ ದಾರಿ ಹಿಡಿದಿದ್ದಿತು. ನಮ್ಮ ಮಹಾರಾಜ ಕಾಲೇಜೂ ಸೆಂಟ್ರಲ್ ಕಾಲೇಜೂ ಅದುವರೆಗೆ ಮದರಾಸಿನ ಕೊಳಗಕ್ಕೆ ರಾಶಿ ಸುರಿಯುತ್ತಿದ್ದುವು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸಿ. ಆರ್. ರೆಡ್ಡಿಯವರನ್ನೂ ತಾಮಸ್ ಡೆನ್‌ಹ್ಯಾಮರನ್ನೂ ಹೊರದೇಶಗಳ ವಿಶ್ವವಿದ್ಯಾನಿಲಯಗಳನ್ನು ನೋಡಿಬರಲು ಕಳುಹಿಸಿದರು. 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ದೇಶೀಯ ಸಂಸ್ಥಾನಗಳ ಪೈಕಿ ಮೊದಲನೆಯದಾದ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು, ಎಚ್. ವಿ. ನಂಜುಂಡಯ್ಯನವರು ವೈಸ್ ಛಾನ್ಸಲರರಾದರು. ಮೈಸೂರಿನಲ್ಲಿ ಕಲೆಗಳು, ಬೆಂಗಳೂರಿನಲ್ಲಿ ವಿಜ್ಞಾನ, ಎರಡೂ ಕಡೆ ವಿಶ್ವವಿದ್ಯಾನಿಲಯವೇ ಕಲಿಸತಕ್ಕದ್ದು. ವಿಶ್ವೇಶ್ವರಯ್ಯನವರು ಅಂಕಿಗಳ ಮನುಷ್ಯರು. ಗುರಿಯನ್ನೂ ಗಡುವನ್ನೂ ಗೊತ್ತುಮಾಡದೆ ಯಾವ ಕೆಲಸಕ್ಕೂ ಕೈ ಹಾಕಿದವರಲ್ಲ. ಅಂಥವರು ಕೊಳಗಕ್ಕಿಂತ ಮೊದಲು ಹೊಲವನ್ನು ನೋಡಿದರೆಂಬುದು ಗಮನಿಸತಕ್ಕ ಮಾತು.

ಈ ಹೊಲದ ಬೆಳೆಯನ್ನು ಹೇಗೆ ಎಣಿಸಬೇಕು? ಸರ್ವೇಪಲ್ಲಿ ರಾಧಾಕೃಷ್ಣನ್ನರು 1918ರಿಂದ ಮೂರು ವರ್ಷ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿ, ಕಲ್ಕತ್ತದಲ್ಲಿ ಬ್ರಜೇಂದ್ರನಾಥ ಶೀಲರು ಬಿಟ್ಟ ಪೀಠಕ್ಕೆ ಹೋದರು. ಶೀಲರು ಇಲ್ಲಿಗೆ ವೈಸ್ ಛಾನ್ಸಲರರಾಗಿ ಬಂದರು. ರಾಧಾಕೃಷ್ಣನ್ನರು ಹೊರಟ ದಿನ ಅವರ ಗಾಡಿಯನ್ನು ವಿದ್ಯಾರ್ಥಿಗಳೇ ರೈಲ್ವೆ ನಿಲ್ದಾಣದವರೆಗೆ ಎಳೆದುಕೊಂಡು ಹೋದ ಸಂಗತಿ ಪ್ರಸಿದ್ಧವಾಗಿದೆ. 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿದರು. ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರುಗಳಿಗೆ ಹೋಗಿ ಸಾಮಾನ್ಯ ಜನಕ್ಕೆ ಕನ್ನಡದಲ್ಲಿ ಉಪನ್ಯಾಸ ಮಾಡಿದರು. ಆ ಉಪನ್ಯಾಸಗಳು ಪ್ರಚಾರ ಪುಸ್ತಕಮಾಲೆಯಾಗಿ ಅಗ್ಗದ ಬೆಲೆಗೆ ಸಿಕ್ಕಿದುವು. 1946ರಲ್ಲಿ ದೊಡ್ಡದಾದ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾಯಿತು. ತೇರ್ಗಡೆಯ ಪಟ್ಟಿಯಲ್ಲಿ ಇವು ಯಾವುವೂ ಕಾಣಿಸವು.

ಸ್ವಾತಂತ್ರ್ಯಾನಂತರದ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಅದೇ ರಾಧಾಕೃಷ್ಣನ್ನರ ಅಧ್ಯಕ್ಷತೆಯ 1948-49ರ ಕಮಿಷನ್, ವಿಶ್ವವಿದ್ಯಾನಿಲಯಗಳಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಯ ಸುಧಾರಣೆಯೆಂದು ಹೇಳಿತು. ತೊಂಬತ್ತು ವರ್ಷ ಕಳೆದರೂ ರೋಗವು ಅದೇ. ಮಟ್ಟವನ್ನು ನಿರ್ಧರಿಸುವ ಹೊಣೆಯು 1956ರ ಕಾಯಿದೆಯಿಂದ ವಿಶ್ವವಿದ್ಯಾನಿಲಯ ಅನುದಾನ ಆಯೋಗಕ್ಕೆ ಬಂದಿತು. 1994ರಲ್ಲಿ ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು ಹುಟ್ಟಿತು. ಸಂಸ್ಥೆಯು ತನ್ನ ವರದಿಯನ್ನು ತಾನೇ ಬರೆದು ಒಪ್ಪಿಸುವುದು, ಹೊರಗಿನ ವಿದ್ವಾಂಸರು ಬಂದು ನೋಡುವುದು, ದರ್ಜೆ ಕೊಡುವುದು ಅದರ ಕ್ರಮ. ತಂಡವು ಬರುವ ವಾರದಲ್ಲಿ ಗೋಡೆಗಳಿಗೆ ಸುಣ್ಣ ಬಳಿಯುವುದು 1904ರ ಪರಿಶೀಲಕರ ಕಾಲದಲ್ಲಿಯೂ ಇದ್ದೇ ಇದ್ದಿರಬೇಕು.

ಆದರೆ 2010ರ ಪ್ರಯೋಗವನ್ನು ಬಿಟ್ಟುಬಿಡುವಂತಿಲ್ಲ. ಆ ವರ್ಷ ಅನುದಾನ ಆಯೋಗವು ಅಧ್ಯಾಪಕರ ನೇಮಕಕ್ಕೂ ಬಡ್ತಿಗೂ ಅಂಕಗಳನ್ನು ಗೊತ್ತುಮಾಡಿತು. ಲೇಖನ ಪ್ರಕಟಿಸಿದರೆ ಇಷ್ಟು, ಸಮ್ಮೇಳನದಲ್ಲಿ ಓದಿದರೆ ಇಷ್ಟು. ಹಿಂದೆ ಶಿಷ್ಯನಿಗೆ ಹಿಡಿದ ಕೊಳಗವನ್ನು ಗುರುವಿಗೂ ಹಿಡಿದರು. ಶಿಷ್ಯನು ಟಿಪ್ಪಣಿ ಕಂಠಪಾಠ ಮಾಡಿದಂತೆ ಗುರುವೂ ತನ್ನ ಉಪಾಯ ಹುಡುಕಿಕೊಂಡನು. ಹಣ ಕೊಟ್ಟರೆ ಏನನ್ನಾದರೂ ಅಚ್ಚು ಮಾಡುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದುವು. 2018ರ ಮೇ ತಿಂಗಳಲ್ಲಿ ಆಯೋಗವು ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಅದೇ ವರ್ಷದ ಹೊಸ ನಿಯಮಗಳಲ್ಲಿ ಕಾಲೇಜಿನ ಅಧ್ಯಾಪಕರ ಬಡ್ತಿಯ ಮಟ್ಟಿಗೆ ಅಂಕಪದ್ಧತಿಯನ್ನು ಸಡಿಲಿಸಿದರು.

2016ರಿಂದ ಕೇಂದ್ರ ಸರ್ಕಾರವು ವಿದ್ಯಾಸಂಸ್ಥೆಗಳ ಶ್ರೇಯಾಂಕದ ಪಟ್ಟಿಯನ್ನೂ ವರ್ಷವರ್ಷ ಪ್ರಕಟಿಸುತ್ತ ಬಂದಿದೆ. ಬೋಧನೆ, ಸಂಶೋಧನೆ, ಪದವೀಧರರ ಫಲ, ಎಲ್ಲ ವರ್ಗದವರ ಪ್ರವೇಶ ಇವುಗಳ ಜತೆಗೆ ಜನಾಭಿಪ್ರಾಯಕ್ಕೂ ಒಂದು ಪಾಲು ಅಂಕವಿದೆ. 1857ರ ಕೊಳಗಕ್ಕಿಂತ ಇದು ಹಿರಿದೆಂಬುದನ್ನು ಒಪ್ಪಬೇಕು; ಬಡವರ ಮಕ್ಕಳು ಎಷ್ಟು ಮಂದಿ ಒಳಗೆ ಬಂದರೆಂದು ಕೇಳುವ ಅಳತೆಯನ್ನು ಗುರುದಾಸ ಬ್ಯಾನರ್ಜಿಯವರು ಮೆಚ್ಚುತ್ತಿದ್ದರು. ಆದರೆ ಇದರಲ್ಲಿ ಸಂಶೋಧನ ಲೇಖನಗಳನ್ನು ಎಣಿಸುವುದು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಪರದೇಶದ ಎರಡು ಸೂಚಿಗಳಿಂದ. ಕನ್ನಡದ ವಿದ್ವತ್ಪತ್ರಿಕೆಗಳಿಗೆ ಅಲ್ಲಿ ಪ್ರವೇಶವಿಲ್ಲವೆಂದೇ ಹೇಳಬೇಕು. ತಾಳೆಯೋಲೆಯ ಪ್ರತಿಗಳನ್ನು ಹತ್ತು ವರ್ಷ ಕೂತು ಹೋಲಿಸಿ ಒಂದು ಹಳಗನ್ನಡ ಗ್ರಂಥವನ್ನು ಶುದ್ಧಪಡಿಸಿದವನ ಕೆಲಸವು ಆ ಲೇಖನಗಳ ಎಣಿಕೆಯಲ್ಲಿ ಸೊನ್ನೆ. ಹೀಗಿರುವಾಗ ತರುಣ ಅಧ್ಯಾಪಕನೊಬ್ಬನು ಆ ಕೆಲಸವನ್ನು ಬಿಟ್ಟು ಇಂಗ್ಲಿಷಿನಲ್ಲಿ ನಾಲ್ಕು ಸಣ್ಣ ಲೇಖನಗಳನ್ನು ಬರೆದರೆ ಅವನನ್ನು ದೂರುವುದು ಹೇಗೆ?

ಗೋಖಲೆಯವರ ಪ್ರಶ್ನೆಯನ್ನು ಈಗ ಕನ್ನಡನಾಡಿನ ವಿಶ್ವವಿದ್ಯಾನಿಲಯಗಳ ಮುಂದಿಡಬಹುದು. ಕೇಂದ್ರದವರು ಕೇಳುವ ನಮೂನೆಗಳನ್ನು ತುಂಬಿಕೊಡಲಿ, ಬೇಡವೆನ್ನುವವರಾರು? ಅದರ ಜತೆಗೆ, ಈ ವರ್ಷ ತಾಲೂಕಿನ ಊರುಗಳಲ್ಲಿ ಎಷ್ಟು ಉಪನ್ಯಾಸಗಳು ನಡೆದುವು, ಕನ್ನಡದಲ್ಲಿ ಯಾವ ಯಾವ ಶಾಸ್ತ್ರಕ್ಕೆ ಹೊಸ ಪುಸ್ತಕ ಬಂದಿತು, ಯಾವ ಹಸ್ತಪ್ರತಿಗಳು ಅಚ್ಚಿಗೆ ಸಿದ್ಧವಾದುವು, ಪ್ರವೇಶ ಪಡೆದವರಲ್ಲಿ ನಡುವೆ ಬಿಟ್ಟುಹೋದವರೆಷ್ಟು, ಏಕೆ ಬಿಟ್ಟರು ಎಂಬ ನಾಲ್ಕು ಪುಟಗಳ ವರದಿಯನ್ನು ತಾವೇ ಬರೆದು, ಅದನ್ನು ಕನ್ನಡದಲ್ಲಿ ಅಚ್ಚು ಮಾಡಿಸಿ, ನಮ್ಮಂಥ ಜಿಲ್ಲಾ ಸಂಘಗಳಿಗೆ ಒಂದೊಂದು ಪ್ರತಿ ಕಳುಹಿಸಿಕೊಡಬೇಕು.