ಸಿಯಾಟಲ್‌ನ ನಾಯಿಗಳು ಮತ್ತು ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆ



ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949ರ ಸುಮಾರಿನ ಶಾಸನವೊಂದು ದೊರೆತಿದೆ. ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನೆಂಬ ವೀರನು ಬಹುಮಾನವಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ ಮಡಿದಾಗ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಒಂದು ನಾಯಿಯ ಹೆಸರನ್ನು ಸಾವಿರ ವರ್ಷ ಉಳಿಸಿದ ನಾಡಿನವರು ನಾವು. ಈಗ ನೆಲೆಸಿರುವ ಈ ಊರಿನಲ್ಲೂ ಸ್ಮರಣೆಗೆ ಅರ್ಹವಾದ ನಾಯಿಗಳಿದ್ದವು. ಅವುಗಳಿಗೆ ಕಲ್ಲಿಲ್ಲ, ಸಂಶೋಧನಾ ಲೇಖನಗಳಲ್ಲಿ ಸಂಖ್ಯೆಗಳಷ್ಟೇ ಇವೆ.

ಡಾ. ಡಾನಲ್ ಥಾಮಸ್ ಅವರು 1950ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿ ಅಸ್ಥಿಮಜ್ಜೆಯ ಕಸಿಗೆ ತೊಡಗಿದರು. ವಿಕಿರಣದಿಂದ ರೋಗಗ್ರಸ್ತ ಮಜ್ಜೆಯನ್ನು ನಾಶಮಾಡಿ, ದಾನಿಯ ಮಜ್ಜೆಯನ್ನು ರಕ್ತಕ್ಕೆ ಸೇರಿಸುವುದು ಅವರ ಯೋಜನೆ. ರೋಗಿಗಳಲ್ಲಿ ಬಹುತೇಕರು ಉಳಿಯಲಿಲ್ಲ. ಅನೇಕ ವೈದ್ಯರು ಈ ಮಾರ್ಗವನ್ನೇ ತೊರೆದರು. ಥಾಮಸ್ ಅವರು ನಾಯಿಗಳ ಮೇಲಿನ ಪ್ರಯೋಗವನ್ನು ಮುಂದುವರಿಸಿ, 1963ರಲ್ಲಿ ಸಿಯಾಟಲ್‌ಗೆ ಬಂದರು.

ನಾಯಿಯೇ ಏಕೆ? ಅದಕ್ಕೆ ಮನುಷ್ಯನಂತೆ ತಾನಾಗಿಯೇ ಕ್ಯಾನ್ಸರ್ ಬರುತ್ತದೆ. ಒಂದೇ ಸೂಲಿನಲ್ಲಿ ಹಲವು ಮರಿಗಳು ಹುಟ್ಟುವುದರಿಂದ ಒಡಹುಟ್ಟುಗಳ ಅಂಗಾಂಶಗಳನ್ನು ಹೋಲಿಸಿ ನೋಡಲೂ ಅನುಕೂಲ. ಎಪ್‌ಸ್ಟೈನ್, ಸ್ಟಾರ್ಬ್ ಮೊದಲಾದವರೊಡನೆ ಥಾಮಸ್ 1968ರಲ್ಲಿ ಪ್ರಕಟಿಸಿದ ಅಧ್ಯಯನ ನಿರ್ಣಾಯಕವಾಯಿತು. ರಕ್ತಪರೀಕ್ಷೆಯಿಂದ ಅಂಗಾಂಶ ಹೊಂದುವ ಒಡಹುಟ್ಟನ್ನು ಆರಿಸಿದರೆ ಕಸಿ ನಿಲ್ಲುವುದೆಂದು, ಹೊಂದದಿದ್ದರೆ ನಾಯಿ ಬೇಗನೆ ಸಾಯುವುದೆಂದು ಅದು ತೋರಿಸಿತು. ಮರುವರ್ಷವೇ, 1969ರಲ್ಲಿ, ಲ್ಯುಕೇಮಿಯಾ ರೋಗಿಯೊಬ್ಬರಿಗೆ ಒಡಹುಟ್ಟಿದವರ ಮಜ್ಜೆಯನ್ನು ನೀಡಲಾಯಿತು. ಆಗ ಈ ತಂಡ ಆಶ್ರಯ ಪಡೆದಿದ್ದುದು ಬೀಕನ್ ಹಿಲ್ ಮೇಲಿನ ಸಾರ್ವಜನಿಕ ಆರೋಗ್ಯ ಸೇವೆಯ ಆಸ್ಪತ್ರೆಯಲ್ಲಿ. 1999ರ ನಂತರ ಹಲವು ವರ್ಷ ಅಮೆಜಾನ್ ಕಂಪನಿಯ ಮುಖ್ಯ ಕಛೇರಿಯಾಗಿದ್ದ ಕಟ್ಟಡವೇ ಅದು. ನಮ್ಮಲ್ಲಿ ಕೆಲವರು ಅಲ್ಲಿ ದುಡಿದಿರಲೂಬಹುದು. ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರ ತೆರೆದದ್ದು 1975ರಲ್ಲಿ. ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವುದು ಎಂದೊಡನೆ ನಮಗೆ ಚ್ಯವನಪ್ರಾಶದ ನೆನಪಾಗುತ್ತದೆ. ಇಲ್ಲಿನ ಸಂಗತಿ ಅಷ್ಟು ಸರಳವಲ್ಲ. ದಾನಿಯ ಬಿಳಿ ರಕ್ತಕಣಗಳು ರೋಗಿಯ ದೇಹವನ್ನೇ ಪರಕೀಯವೆಂದು ಬಗೆದು ಆಕ್ರಮಿಸುವುದುಂಟು; ಅದರಿಂದ ಸತ್ತವರಿದ್ದಾರೆ. ಆದರೆ ಈ ಆಕ್ರಮಣಕ್ಕೆ ತುತ್ತಾಗಿ ಬದುಕಿದವರಲ್ಲಿ ಲ್ಯುಕೇಮಿಯಾ ಮರುಕಳಿಸುವುದು ಕಡಿಮೆಯೆಂದು 1979ರಲ್ಲಿ ಸಿಯಾಟಲ್ ತಂಡವೇ ತೋರಿಸಿತು. ಕ್ಯಾನ್ಸರನ್ನು ಕೊಲ್ಲುತ್ತಿದ್ದುದು ವಿಕಿರಣವೊಂದೇ ಅಲ್ಲ, ಆ ಕಣಗಳೂ ಹೌದು. ಹಾಗಿದ್ದರೆ ಮಾರಕ ಪ್ರಮಾಣದ ವಿಕಿರಣವೇಕೆ? ಸ್ಟಾರ್ಬ್ ಅವರ ತಂಡ ಈ ಪ್ರಶ್ನೆಯನ್ನೂ ನಾಯಿಗಳ ಮುಂದೆಯೇ ಇಟ್ಟಿತು. ಹಿಂದೆ ಸುಮಾರು 9 ಗ್ರೇ ವಿಕಿರಣ ಕೊಡುತ್ತಿದ್ದ ಕಡೆ ಕೇವಲ 2 ಗ್ರೇ ಕೊಟ್ಟು, ನಿರೋಧಕ ಶಕ್ತಿಯನ್ನು ಎರಡು ಔಷಧಗಳಿಂದ ತಗ್ಗಿಸಿದರೂ ಕಸಿ ನಿಲ್ಲುವುದೆಂದು 1997ರಲ್ಲಿ ಪ್ರಕಟವಾಯಿತು. ಹಳೆಯ ವಿಧಾನವನ್ನು ತಾಳಲಾರದ ವೃದ್ಧರಿಗೂ ಇದರಿಂದ ದಾರಿ ತೆರೆಯಿತು. ಶಕ್ತಿಯನ್ನು ಹೆಚ್ಚಿಸಲು ಮೊದಲು ತಗ್ಗಿಸಬೇಕಾಗಿ ಬಂದದ್ದು ಈ ಚರಿತ್ರೆಯ ಸೋಜಿಗ.

ಈ ಪ್ರಯೋಗಗಳಲ್ಲಿ ಬಹಳಷ್ಟು ಆರೋಗ್ಯವಂತ ನಾಯಿಗಳು ಸತ್ತವು. ಇದನ್ನು ಮರೆಮಾಚಿ ವಿಜ್ಞಾನದ ಜಯಘೋಷ ಮಾಡುವುದು ಸರಿಯೆಂದು ನನಗೆ ತೋರುವುದಿಲ್ಲ.

ಅವುಗಳ ಕುಲಕ್ಕೆ ಸಂದದ್ದೇನು? 1970ರ ದಶಕದಲ್ಲೇ, ತಾನಾಗಿ ಲಿಂಫೋಮ ಬಂದ ನಾಯಿಗಳಿಗೆ ಅವುಗಳದೇ ಮಜ್ಜೆಯನ್ನು ಮರಳಿಸಿ ಈ ತಂಡ ಚಿಕಿತ್ಸೆ ನೀಡಿತ್ತು. ಕೆಲವು ದೀರ್ಘಕಾಲ ರೋಗವಿಲ್ಲದೆ ಬದುಕಿದವು. ಆದರೂ ಅದು ಪಶುವೈದ್ಯರ ಕೈಗೆ ಬರಲು ದಶಕಗಳೇ ಬೇಕಾದವು. ಈ ನಡುವೆ, ಸಿಯಾಟಲ್‌ನಿಂದ ಬಹುದೂರದ ನ್ಯೂಯಾರ್ಕ್‌ನ ಸಂಶೋಧಕರು ನಾಯಿಯ ಬಾಯಲ್ಲಿ ಬರುವ ಮೆಲನೋಮಕ್ಕೆ ಮನುಷ್ಯನ ಒಂದು ವಂಶವಾಹಿಯಿಂದ ಲಸಿಕೆ ರೂಪಿಸಿದರು. 2007ರಲ್ಲಿ ಅದಕ್ಕೆ ಅಮೆರಿಕ ಸರ್ಕಾರ ಷರತ್ತಿನ ಪರವಾನಗಿ ನೀಡಿತು. ಅದು ಎಷ್ಟು ಫಲಕಾರಿ ಎಂಬುದರಲ್ಲಿ ನಂತರದ ಅಧ್ಯಯನಗಳಿಗೆ ಒಮ್ಮತವಿಲ್ಲ.

ಮಜ್ಜೆಯ ಕಸಿ ಮಾತ್ರ ಮರಳಿದ್ದು ನಮ್ಮ ನೆರೆಗೇ. ಇಲ್ಲಿಂದ ಉತ್ತರಕ್ಕೆ ಸುಮಾರು 90 ಮೈಲಿ ದೂರದ ಬೆಲಿಂಗ್‌ಹ್ಯಾಂನ ಪಶುವೈದ್ಯರು 2000ರ ದಶಕದಲ್ಲಿ, ಹಚಿನ್ಸನ್ ಕೇಂದ್ರ ಕಲಿತ ವಿಧಾನವನ್ನೇ ಅನುಸರಿಸಿ, ಲಿಂಫೋಮ ಪೀಡಿತ ಸಾಕುನಾಯಿಗಳಿಗೆ ಈ ಕಸಿಯನ್ನು ಆರಂಭಿಸಿದರು. ವೆಚ್ಚ ಸಾವಿರಾರು ಡಾಲರ್. ರಕ್ತದ ಮೂಲಕಣಗಳನ್ನು ಬೇರ್ಪಡಿಸಲು ನಾಯಿಗೆ ಜೋಡಿಸುವುದು ಮನುಷ್ಯರಿಗೆಂದು ತಯಾರಾದ ಯಂತ್ರವನ್ನೇ.